ತೊರಕೆಯೂ ಸ್ಕೇಟೂ ಒಂದೆಯಾ? ಬಾಲ ಇಲ್ಲದಿದ್ದರೆ ಗುರುತು ಹಿಡಿಯುವುದು ಹೇಗೆ?

ಉಪ್ಪಳ_ಪ್ಲಸ್‌ವನ್:
ಮೃದ್ವಸ್ಥಿ ಮೀನುಗಳ ಪಾಠಕ್ಕೆ ಚಾರ್ಟ್ ಮಾಡಲಿಕ್ಕುಂಟು. ಪುಸ್ತಕದಲ್ಲಿ ಟ್ರೈಗಾನ್ ಎಂಬ ಚಪ್ಪಟೆ ಮೀನು ಇದೆ, ಅದು ನಮ್ಮ ತೊರಕೆ, ಮಲಯಾಳದ ತಿರಂಡಿ. ಮಕ್ಕಳು ಅದೇ ಥರ ಚಪ್ಪಟೆಯಾದ ‘ಬಿಗ್ ಸ್ಕೇಟ್’ ಮೀನಿನ ಚಿತ್ರ ತೋರಿಸಿ ಇದೂ ತೊರಕೆಯೇ ಅಲ್ವಾ ಅಂತ ಕೇಳ್ತಾರೆ. ಹೇಗೆ ಬೇರೆ ಮಾಡುವುದು? ಮಾರ್ಕೆಟಿಗೆ ಬರುವಾಗ ಎಷ್ಟೋ ಸಲ ಬಾಲವೇ ಇರುವುದಿಲ್ಲ. ನಮ್ಮ ಕಡಲಲ್ಲಿ ಸ್ಕೇಟ್ ಉಂಟಾ?

ಬಲೆ_ಬೆಂಡು:
ಬಾಲ ಇದ್ದರೆ ಕೆಲಸ ಸುಲಭ ಮಾಷ್ಟ್ರೇ. ತೊರಕೆಯದ್ದು ಚಾಟಿಯಂಥ ಬಾಲ, ಮೇಲೆ ಗರಗಸದ ಹಲ್ಲಿನ ವಿಷಮುಳ್ಳು. ಚುಚ್ಚಬಾರದೆಂದು ಬೋಟಿನಲ್ಲೇ ಕಡಿದು ಬಿಸಾಡುವುದು ಅದಕ್ಕೇ. ಸ್ಕೇಟಿನ ಬಾಲ ದಪ್ಪ. ವಿಷಮುಳ್ಳಿಲ್ಲ, ಬರೀ ಒರಟು ಮುಳ್ಳಿನ ಸಾಲು, ತುದಿಯ ಹತ್ತಿರ ಎರಡು ಪುಟ್ಟ ಬೆನ್ನು ಈಜುರೆಕ್ಕೆ.

ಬಾಲ ಹೋಗಿದ್ದರೆ ಮೀನನ್ನು ಅಂಗಾತ ಹಾಕಿ, ಬಾಲದ ಬುಡದ ಎರಡೂ ಪಕ್ಕ ಇರುವ ಸೊಂಟದ ಈಜುರೆಕ್ಕೆ ನೋಡಿ. ತೊರಕೆಯಲ್ಲಿ ಅದು ಒಂದೇ ಎಸಳು. ಸ್ಕೇಟಿನಲ್ಲಿ ನಡುವೆ ಸೀಳಿ ಎರಡಾಗಿರುತ್ತದೆ, ಮುಂದಿನ ಎಸಳು ಬೆರಳಿನ ಹಾಗೆ. ಅದನ್ನು ಊರಿಕೊಂಡೇ ಸ್ಕೇಟ್ ತಳದ ಮೇಲೆ ತಳ್ಳಿಕೊಂಡು ಹೋಗುವುದು. ಅದರ ಹಿಂದೆ ಕಡ್ಡಿಯ ಹಾಗೆ ಜೋಡಿ ಅಂಗ ಕಂಡರೆ ಗಂಡು ಅಂತ ಮಾತ್ರ ಅರ್ಥ, ಅದು ಎರಡರಲ್ಲೂ ಇರುತ್ತದೆ. ಬಾಯಿ ಮತ್ತು ಐದು ಜೊತೆ ಕಿವಿರು ಸೀಳು ಅಡಿಯಲ್ಲಿರುವುದೂ ಅಷ್ಟೇ, ಅದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಉಪ್ಪುನೀರು:
ಮೇಲಿನದ್ದಕ್ಕೆ ಒಂದು ತಿದ್ದುಪಡಿ. ಮಕ್ಕಳು ತೋರಿಸಿದ ಬಿಗ್ ಸ್ಕೇಟಿನಲ್ಲಿ ಆ ಸೀಳು ಬಹಳ ಆಳ ಇಲ್ಲ, ಸ್ವಲ್ಪ ಒಳಸರಿದ ಹಾಗೆ ಅಷ್ಟೇ. ಸ್ಕೇಟ್‌ಗಳೊಳಗೆ ಅದನ್ನು ಬೇರೆ ಮಾಡುವ ಗುರುತೇ ಅದು. ಹಾಗಾಗಿ ಚಾರ್ಟಿಗೆ ಆ ಜಾತಿಯ ಚಿತ್ರ ಹಾಕಿ ‘ಎರಡಾಗಿ ಸೀಳಿದ ರೆಕ್ಕೆ’ ಅಂತ ಬಾಣ ಹಾಕಿದರೆ ಮಕ್ಕಳಿಗೆ ಕಾಣುವುದೇ ಇಲ್ಲ. ಅದಕ್ಕೆ ಯುರೋಪಿನ ಥಾರ್ನ್‌ಬ್ಯಾಕ್, ಅಂದರೆ ರಾಜಾ ಕ್ಲವಾಟಾ, ಒಳ್ಳೆಯದು.

ಬಿಗ್ ಸ್ಕೇಟಿನ ಈಗಿನ ಹೆಸರು ಬೆರಿಂಗ್‌ರಾಜಾ ಬೈನೊಕ್ಯುಲಾಟಾ. 1855ರಲ್ಲಿ ಗಿರಾರ್ಡ್ ವರ್ಣಿಸಿದಾಗ ರಾಜಾ ಕುಲದಲ್ಲಿತ್ತು, ಹಳೆ ಪುಸ್ತಕಗಳಲ್ಲಿ ಹಾಗೇ ಸಿಗುತ್ತದೆ. ಎರಡು ರೆಕ್ಕೆಗಳ ಮೇಲೂ ಬಿಳಿಚು ಉಂಗುರದೊಳಗೆ ಕಪ್ಪು ಬೊಟ್ಟು, ಕಣ್ಣಿನ ಹಾಗೆ. ಬೈನೊಕ್ಯುಲಾಟಾ, ಅಂದರೆ ಎರಡು ಕಣ್ಣಿನದ್ದು, ಅನ್ನುವ ಹೆಸರು ಬಂದದ್ದೂ ಅದರಿಂದ. ಮೂತಿ ಚೂಪು, ಬೆನ್ನು ಕಂದು ಅಥವಾ ಬೂದು, ಹೊಟ್ಟೆ ಬಿಳಿ. 2.4 ಮೀಟರ್ ವರೆಗೆ ಬೆಳೆಯುತ್ತದಾದರೂ 1.8 ದಾಟಿದ್ದು ಅಪರೂಪ. ಬೇರಿಂಗ್ ಸಮುದ್ರದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಪೆಸಿಫಿಕ್‌ನ ಪೂರ್ವ ಅಂಚಿನಲ್ಲಿ ಮಾತ್ರ ಇದರ ವಾಸ. ತಳದ ಮರಳು, ಕೆಸರಿನಲ್ಲಿ ಹುದುಗಿ ಕಣ್ಣಷ್ಟೇ ಹೊರಗಿಟ್ಟು ಸಿಗಡಿ, ಏಡಿ, ಹುಳ, ಸಣ್ಣ ಮೀನು ತಿನ್ನುತ್ತದೆ.

ನಿಜವಾದ ವಿಶೇಷ ಮೊಟ್ಟೆಯದ್ದು. ತೊರಕೆ ಮರಿ ಹಾಕುತ್ತದೆ, ಸ್ಕೇಟ್ ಚರ್ಮದಂಥ ಆಯತದ ಚೀಲ ಇಡುತ್ತದೆ. ಸಾಮಾನ್ಯವಾಗಿ ಚೀಲಕ್ಕೆ ಒಂದೇ ಮರಿ. ಬಿಗ್ ಸ್ಕೇಟಿನ ಚೀಲ 30 ಸೆಂಟಿಮೀಟರ್ ತನಕ ಇದ್ದು, ಒಳಗೆ ಏಳರವರೆಗೂ ಭ್ರೂಣ ಇರಬಹುದು. ಮೂರು ನಾಲ್ಕು ಇರುವುದೇ ಹೆಚ್ಚು. ಸ್ಕೇಟ್ ಭ್ರೂಣ ಬಲಿಯುವಾಗ ಚೀಲದ ಮೂಲೆಯ ಕೊಂಬಿನ ಸೀಳು ತೆರೆದುಕೊಳ್ಳುತ್ತದೆ, ಮರಿ ಬಾಲ ಆಡಿಸಿ ಅಲ್ಲಿಂದ ಹೊಸ ನೀರು ಎಳೆದುಕೊಳ್ಳುತ್ತದೆ.

ಉಪ್ಪಳ_ಪ್ಲಸ್‌ವನ್:
ಹಾಗಾದರೆ ಕುಂಬಳೆ, ಮಂಜೇಶ್ವರದ ಕಡಲ ಕರೆಯಲ್ಲಿ ಆ ಚೀಲ ಹುಡುಕಬಹುದಾ?

ಬಲೆ_ಬೆಂಡು:
ಹುಡುಕಿ, ಆದರೆ ಆಸೆ ಬೇಡ. ನಮ್ಮ ಕಡೆಯ ಸ್ಕೇಟ್ ಆಳದ್ದು. ತಿರುವಾಂಕೂರು ಸ್ಕೇಟ್, ಅಂದರೆ 1899ರಲ್ಲಿ ಆಲ್ಕಾಕ್ ಹೆಸರಿಟ್ಟ ಡಿಪ್ಟುರಸ್ ಜೊಹಾನಿಸ್‌ಡೇವಿಸಿ, ಇರುವುದು 200 ಮೀಟರಿಗಿಂತ ಕೆಳಗೆ. ಆಳದ ಸಿಗಡಿಗೆ ಎಳೆಯುವ ಟ್ರಾಲ್‌ಗೆ ಸಿಕ್ಕೀತೇ ಹೊರತು ದಡದ ಬಲೆಗೆ ಇಲ್ಲ. ಕರೆಯಲ್ಲಿ ಕೊಂಬಿಲ್ಲದ, ಮೂಲೆ ದುಂಡಾದ ಕಂದು ಚೀಲ ಸಿಕ್ಕಿದರೆ ಅದು ಬ್ಯಾಂಬೂ ಶಾರ್ಕಿನದ್ದು ಇರಬಹುದು. ಅದೂ ಮೊಟ್ಟೆ ಇಡುವ ಜಾತಿಯೇ.

ಉಪ್ಪುನೀರು:
ಇನ್ನೊಂದು ಮೋಸ: ಬೆನ್ನೆಲ್ಲ ಮುಳ್ಳು, ಬಾಲದಲ್ಲಿ ವಿಷಮುಳ್ಳೇ ಇಲ್ಲ. ಸ್ಕೇಟ್ ಅಂತ ಬರೆದುಬಿಡಬೇಡಿ. ಅದು ಪೋರ್ಕ್ಯುಪೈನ್ ರೇ, ತೊರಕೆಯ ಜಾತಿ. ಬಾಲದಲ್ಲಿ ಬೆನ್ನು ರೆಕ್ಕೆ ಇಲ್ಲ, ಸೊಂಟದ ರೆಕ್ಕೆ ಒಂದೇ ಎಸಳು. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬರುತ್ತದೆ, ಲ್ಯಾಬಿನ ಜಾಡಿಗೆ ಅಂತ ಕೂಡ ತರಿಸಬೇಡಿ.