ಕಿಡ್ನಿ ಕಸಿಗೆ ಮೊದಲು ತೂಕ ಇಳಿಸಬೇಕಂತೆ, ಅನುಭವ ಇದ್ದವರು ಹೇಳಿ

ಹೊಸನಗರದಿಂದ: ಅಣ್ಣನಿಗೆ 46 ವರ್ಷ, ವಾರಕ್ಕೆ ಮೂರು ಡಯಾಲಿಸಿಸ್. ಅತ್ತಿಗೆ ಕಿಡ್ನಿ ಕೊಡೋಕೆ ತಯಾರಿದ್ದಾರೆ. ಅಣ್ಣನ ಎತ್ತರ 165 ಸೆಂ.ಮೀ., ತೂಕ 92 ಕೆಜಿ. ಹತ್ತು ಕೆಜಿ ಇಳಿಸಿಕೊಂಡು ಬನ್ನಿ ಅಂದಿದ್ದಾರೆ ಡಾಕ್ಟ್ರು. ಮೊದಲೇ ಸೋತಿರೋನಿಗೆ ಊಟ ಬಿಡಿಸಿದ್ರೆ ಏನಾಗ್ತಾನೋ ಅಂತ ಅಮ್ಮನಿಗೆ ಭಯ. ಯಾರಾದ್ರೂ ಹೀಗೆ ಇಳಿಸಿದ್ದೀರಾ?

ತೀರ್ಥಹಳ್ಳಿಯಿಂದ: ತಂಗಿ, ನಮ್ಮನೆಯವರಿಗೆ 2019ರಲ್ಲಿ ಕಸಿ ಆಯ್ತು, ಕಿಡ್ನಿ ಕೊಟ್ಟವಳು ನಾನೇ. ನಿಮ್ಮಣ್ಣನ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 34ರ ಹತ್ತಿರ ಬರುತ್ತೆ, 82 ಕೆಜಿಗೆ ಇಳಿದ್ರೆ 30. ಹತ್ತು ಕೆಜಿ ಅಂದಿದ್ದು ಅದಕ್ಕೇ ಇರಬೇಕು. ಹೊಸ ಕಿಡ್ನಿ ಕೂರಿಸೋದು ಕೆಳಹೊಟ್ಟೆಯ ಪಕ್ಕದಲ್ಲಿ. ಅಲ್ಲಿ ಕೊಬ್ಬು ದಪ್ಪ ಇದ್ರೆ ಗಾಯ ಬೇಗ ಕೂಡಲ್ಲ, ಕೀವಾಗೋ ಸಂಭವ ಹೆಚ್ಚು, ಕಿಡ್ನಿ ಕೆಲಸ ಶುರು ಮಾಡೋದೂ ತಡ ಆಗಬಹುದು. ಇವರು ಐದು ಕೆಜಿ ಇಳಿಸೋದ್ರಲ್ಲೇ ಸಾಕು ಅಂದುಕೊಂಡ್ರು. ಹೊಲಿಗೆಯ ಒಂದು ತುದಿಯಿಂದ ಮೂರು ವಾರ ನೀರು ಒಸರ್ತಿತ್ತು. ಬೆಳಿಗ್ಗೆ ಎದ್ದು ಪಟ್ಟಿ ಬಿಚ್ಚಿ ಅದರ ಬಣ್ಣ ನೋಡೋವರೆಗೆ ನನಗೆ ಕಾಫಿ ಇಳೀತಿರಲಿಲ್ಲ.

ಉಪವಾಸ ಮಾತ್ರ ಬೇಡವೇ ಬೇಡ. ಡಯಾಲಿಸಿಸ್‌ನಲ್ಲಿರೋರು ಊಟ ಬಿಟ್ರೆ ಕರಗೋದು ಮಾಂಸಖಂಡ. ಪ್ರೋಟೀನ್ ಕೆಜಿ ತೂಕಕ್ಕೆ ದಿನಕ್ಕೆ ಒಂದು ಗ್ರಾಂಗಿಂತ ಕಮ್ಮಿ ಆಗಬಾರದು ಅಂತ ನಮಗೆ ಹೇಳಿದ್ರು. ಮೊಟ್ಟೆ ತಿನ್ನೋರಾದ್ರೆ ಬಿಳಿಭಾಗ ಬಿಡಿಸಬೇಡಿ. ನಾವು ಅಕ್ಕಿರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿಸಿ, ಕಡುಬಿಗೆ ತುಪ್ಪ ನಿಲ್ಲಿಸಿದ್ವಿ. ಲೆಕ್ಕಕ್ಕೆ ಹಿಡಿಯೋದು ಡಯಾಲಿಸಿಸ್ ಮುಗಿದ ಮೇಲಿನ ಡ್ರೈ ವೇಟ್. ಎರಡು ದಿನದಲ್ಲಿ ಎರಡೂವರೆ ಕೆಜಿ ಏರಿದ್ರೆ ಅದು ನೀರು.

ನಾವು ನಿಜವಾಗಿ ಎಡವಿದ್ದು ಕಸಿ ಆದ ಮೇಲೆ. ಮೈ ಹೊಸ ಕಿಡ್ನಿಯನ್ನ ತಿರಸ್ಕರಿಸದಿರಲಿ ಅಂತ ಕೊಡೋ ಸ್ಟಿರಾಯ್ಡ್ ಮಾತ್ರೆಯ ಹಸಿವು ಅಂದ್ರೆ ಹೇಳತೀರದು. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಡಬ್ಬಿ ಮುಚ್ಚಳದ ಸದ್ದು. ಹೋಗಿ ನೋಡಿದ್ರೆ ಕತ್ತಲಲ್ಲಿ ನಿಂತು ಹಲಸಿನ ಹಪ್ಪಳ ಹಸಿಯಾಗೇ ಮುರಿದು ಮುರಿದು ತಿಂತಿದ್ರು. ಪೊಟ್ಯಾಸಿಯಂ ಜಾಸ್ತಿ ಅಂತ ವರ್ಷಗಟ್ಟಲೆ ಹಲಸು, ಎಳನೀರು ಮುಟ್ಟದವರು. ಬೇಡ ಅನ್ನೋಕೆ ನನಗೆ ಬಾಯೇ ಬರಲಿಲ್ಲ. ಎಂಟು ತಿಂಗಳಲ್ಲಿ 11 ಕೆಜಿ ಏರಿತು, ಇಲ್ಲದ ಶುಗರ್ ಬಂತು. ಟ್ಯಾಕ್ರೋಲಿಮಸ್ (ಅದೇ ಕೆಲಸದ ಇನ್ನೊಂದು ಮಾತ್ರೆ), ಸ್ಟಿರಾಯ್ಡ್ ಎರಡೂ ಶುಗರ್ ಏರಿಸೋ ಮಾತ್ರೆಗಳೇ, ಅದಕ್ಕೆ ತೂಕವೂ ಸೇರಿಕೊಳ್ತು. ಹಾಗಂತ ಮುಖ ಊದಿದೆ, ದಪ್ಪ ಆದೆ ಅಂತ ಒಂದು ದಿನವೂ ಮಾತ್ರೆ ಬಿಡಬಾರದು, ಬಿಟ್ರೆ ಮೈ ಕಿಡ್ನಿಯನ್ನೇ ತಿರಸ್ಕರಿಸಬಹುದು. ಈಗ ಬೆಳಿಗ್ಗೆ ತೋಟದ ತನಕ ನಡೀತಾರೆ, ಮಳೆಗಾಲದಲ್ಲಿ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ಅರ್ಧ ಗಂಟೆ. ಏಳು ಕೆಜಿ ಇಳಿದಿದೆ.

ಸಾಗರದಿಂದ: ನಮ್ಮದು ಉಲ್ಟಾ. ಅಮ್ಮ 38 ಕೆಜಿ, ಬಿಎಂಐ 17. ತೀರಾ ತೆಳ್ಳಗಿದ್ರೂ ಅಪಾಯವೇ ಅಂತ ಮೊದಲು ಮೈ ಹಿಡಿಸಿಕೊಂಡು ಬನ್ನಿ ಅಂದ್ರು. ತೂಕದ ಮಾತಲ್ಲ, ಆದ್ರೂ ಹೇಳ್ತೀನಿ: ಕಸಿ ಆದ ಮೇಲೆ ಹಿತ್ತಲ ಚಕ್ಕೋತ ತಿನ್ನಿಸಬೇಡಿ, ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರಿಬಿಡುತ್ತೆ.

ತೀರ್ಥಹಳ್ಳಿಯಿಂದ: ಒಂದು ಮರೆತಿದ್ದೆ ತಂಗಿ. ಎಂಟು ಕೆಜಿ ಇಳಿದು ಮುಂದಕ್ಕೆ ಹೋಗದಿದ್ರೆ ಮನೆಯಲ್ಲೇ ಕಾಯ್ತಾ ಕೂರಬೇಡಿ, ಹೋಗಿ ಕೇಳಿ. ಬಿಎಂಐ 30ಕ್ಕೇ ಬಿಗಿಹಿಡಿಯೋ ಆಸ್ಪತ್ರೆಗಳಿವೆ, 35ರ ತನಕ ಒಪ್ಪೋವೂ ಇವೆ. ದಪ್ಪ ಇದ್ದವರಿಗೂ ಡಯಾಲಿಸಿಸ್‌ನಲ್ಲೇ ಉಳಿಯೋದಕ್ಕಿಂತ ಕಸಿಯೇ ಮೇಲು. ಅತ್ತಿಗೆಯ ತೂಕವನ್ನೂ ಈಗಲೇ ನೋಡಿಸಿ, ಕೊಡೋರ ಬಿಎಂಐ ಕೂಡ ಕೇಳ್ತಾರೆ. ನನಗೂ ಮೂರು ಕೆಜಿ ಇಳಿಸೋಕೆ ಹೇಳಿದ್ರು.