ಗೃಹಜ್ಯೋತಿ ಬಿಲ್ ಸೊನ್ನೆ ಬಂದ್ರೆ ಕಾರ್ಬನ್ನೂ ಸೊನ್ನೆನಾ?

ಪ್ರಶ್ನೆ: ನಮಸ್ತೆ ಮೇಡಂ. ದಾವಣಗೆರೆಯವನು. ತಿಂಗಳ ಖರ್ಚು ತುಂಬಿಸಿದರೆ ಎಷ್ಟು ಕಾರ್ಬನ್ ಅಂತ ಹೇಳುವ ಆ್ಯಪ್ ಒಂದನ್ನು ಮಗಳು ಹಾಕಿಕೊಟ್ಟಿದ್ದಾಳೆ. ಮದುವೆಗೆ ರೇಷ್ಮೆ ಸೀರೆ ತಗೊಂಡ ತಿಂಗಳು ಪೂರ್ತಿ ಕೆಂಪು ತೋರಿಸಿತು. ಕರೆಂಟ್ ಬಿಲ್ ಮಾತ್ರ ಗೃಹಜ್ಯೋತಿಯಿಂದ ಸೊನ್ನೆ, ಹಾಗಾಗಿ ಅಲ್ಲಿ ಹಸಿರು. ಇದು ಸರಿನಾ? ನಮ್ಮಂಥವರ ಖರ್ಚಿಗೂ ದೇಶದ ಲೆಕ್ಕಕ್ಕೂ ಏನು ಸಂಬಂಧ?

ಉತ್ತರ (ಪರಿಸರ ಅರ್ಥಶಾಸ್ತ್ರ ನನ್ನ ಕೆಲಸ): ಸರಿಯಿಲ್ಲ ಸರ್. ನಿಮ್ಮ ಆ್ಯಪ್ ರೂಪಾಯಿ ನೋಡುತ್ತಿದೆ, ಉರಿದದ್ದನ್ನು ನೋಡುತ್ತಿಲ್ಲ.

ಒಂದು ಸಾವಿರ ರೂಪಾಯಿ ಹಿಡಿದು ಲೆಕ್ಕ ಹಾಕೋಣ. ಪೆಟ್ರೋಲ್ ಹಾಕಿಸಿದರೆ ಹತ್ತು ಲೀಟರ್ ಹತ್ತಿರ ಬರುತ್ತದೆ, ಅದರಿಂದ ಸುಮಾರು 22 ಕೆಜಿ ಕಾರ್ಬನ್ ಡೈಆಕ್ಸೈಡ್. ಅಡುಗೆ ಗ್ಯಾಸಿಗೆ ಕೊಟ್ಟರೆ 45-50 ಕೆಜಿ. ಯೂನಿಟ್‌ಗೆ ಆರು ರೂಪಾಯಿ ಅಂತ ಹಿಡಿದು ಕರೆಂಟಿಗೆ ಕೊಟ್ಟರೆ 110 ಕೆಜಿ ದಾಟುತ್ತದೆ, ಯಾಕಂದ್ರೆ ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲು ಹತ್ತಿರ ಈಗಲೂ ಕಲ್ಲಿದ್ದಲಿನದು, ಯೂನಿಟ್‌ಗೆ ಸರಾಸರಿ 0.7 ಕೆಜಿ. ಪೆಟ್ರೋಲ್ ಕಮ್ಮಿ ಕಾಣುವುದು ಅದು ಒಳ್ಳೆಯದು ಅಂತಲ್ಲ, ಅದರ ಬೆಲೆಯಲ್ಲಿ ತೆರಿಗೆಯ ಪಾಲು ದೊಡ್ಡದಿದೆ. ತೆರಿಗೆಯಿಂದ ಹೊಗೆ ಬರಲ್ಲ ಅಲ್ವಾ! ಸೀರೆಯ ಬೆಲೆಯಲ್ಲೂ ನೇಯ್ದವರ ಕೂಲಿ, ಜರಿ, ಅಂಗಡಿಯ ಲಾಭವೇ ಹೆಚ್ಚು.

ಈಗ ಗೃಹಜ್ಯೋತಿಗೆ ಬನ್ನಿ. ತಿಂಗಳಿಗೆ 150 ಯೂನಿಟ್ ಸುಟ್ಟಿದ್ದೀರಿ ಅಂದುಕೊಳ್ಳಿ. ನಿಮ್ಮ ಜೇಬಿನಿಂದ ಹೋದದ್ದು ಸೊನ್ನೆ, ಗಾಳಿಗೆ ಹೋದದ್ದು ನೂರು ಕೆಜಿಗೂ ಮೇಲೆ. ಆ್ಯಪಿನಲ್ಲಿ ಯೂನಿಟ್, ಲೀಟರ್, ಸಿಲಿಂಡರ್ ತುಂಬಿಸಲು ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ತೆಗೆದುಹಾಕಿ.

ದೇಶದ ಮಾತು. ನಮ್ಮ ಜಿಡಿಪಿಯಲ್ಲಿ ಶೇ. 60ರ ಆಸುಪಾಸು ಜನರ ಖರ್ಚೇ. ಹಾಗಾಗಿ ಜನ ಯಾವುದಕ್ಕೆ ಖರ್ಚು ಮಾಡುತ್ತಾರೆ ಅನ್ನುವುದು ದೊಡ್ಡ ವಿಷಯ. ಹಳ್ಳಿ ಮನೆಯ ಖರ್ಚಿನಲ್ಲಿ ಊಟ ತಿಂಡಿಯ ಪಾಲು 1999-2000ದಲ್ಲಿ ಶೇ. 59 ಇತ್ತು, 2023-24ರ ಸರ್ಕಾರಿ ಸಮೀಕ್ಷೆಯಲ್ಲಿ ಶೇ. 47. ಹೊಟ್ಟೆಯಿಂದ ಉಳಿದ ದುಡ್ಡು ಬೈಕು, ಪೆಟ್ರೋಲ್, ಫ್ರಿಜ್ಜು, ಮೊಬೈಲ್, ಆಸ್ಪತ್ರೆ, ಟ್ಯೂಷನ್ ಕಡೆ ಹೋಗುತ್ತದೆ. ಇದರಲ್ಲಿ ಟ್ಯೂಷನ್ನಿಗೆ ಹೋದ ರೂಪಾಯಿ ಹಗುರ, ಪೆಟ್ರೋಲಿಗೆ ಹೋದದ್ದು ಭಾರ. ಇಷ್ಟಾದರೂ ನಮ್ಮ ತಲಾ ಲೆಕ್ಕ ವರ್ಷಕ್ಕೆ 2 ಟನ್ ಹತ್ತಿರ, ಅಮೆರಿಕದವರದು 14ರ ಆಸುಪಾಸು. ಈ 2 ಟನ್ ಸರಾಸರಿ ಮಾತ್ರ. ಎರಡು ಎಸಿ, ಒಂದು ಕಾರು, ವರ್ಷಕ್ಕೊಂದು ವಿದೇಶ ಪ್ರವಾಸ ಇರುವ ಮನೆ ಅದರ ಹಿಂದೆ ಆರಾಮವಾಗಿ ಅಡಗಿ ಕೂತಿರುತ್ತದೆ.

ಇನ್ನೊಬ್ಬರು: ಚೀನಾದಲ್ಲಿ ಮಾಡಿದ ಫೋನನ್ನು ನಾನು ಕೊಂಡರೆ ಹೊಗೆ ಯಾರ ಲೆಕ್ಕಕ್ಕೆ ಮೇಡಂ?

ಉತ್ತರ: ಚೀನಾದ್ದಕ್ಕೆ. ವಿಶ್ವಸಂಸ್ಥೆಗೆ ಕೊಡುವ ಲೆಕ್ಕದಲ್ಲಿ ಹೊಗೆ ಎಲ್ಲಿ ಎದ್ದಿತೋ ಆ ದೇಶದ ಹೆಸರಿಗೆ. ಬ್ರಿಟನ್ 1990ರಿಂದ ಅರ್ಧದಷ್ಟು ಇಳಿಸಿದ್ದೇವೆ ಅನ್ನುತ್ತದೆ. ಸುಳ್ಳಲ್ಲ, ಕೊನೆಯ ಕಲ್ಲಿದ್ದಲು ಸ್ಥಾವರವನ್ನೂ 2024ರಲ್ಲಿ ಮುಚ್ಚಿದರು. ಆದರೆ ಅಲ್ಲಿನ ಜನ ಹೊರಗಿನಿಂದ ತರಿಸಿಕೊಳ್ಳುವ ಬಟ್ಟೆ, ಟಿವಿ ಎಲ್ಲ ಸೇರಿಸಿ ಎಣಿಸಿದರೆ ಇಳಿಕೆ ಅಷ್ಟಿಲ್ಲ. ನಮ್ಮದು ಉಲ್ಟಾ. ಇನ್ಯಾರದೋ ಮನೆಗೆ ಹೋಗುವ ಉಕ್ಕಿನ ಹೊಗೆ ನಮ್ಮ ಖಾತೆಯಲ್ಲಿ. ಅದೇ ಉಕ್ಕಿಗೆ 2026ರಿಂದ ಯುರೋಪ್ ಗಡಿಯಲ್ಲಿ ಕಾರ್ಬನ್ ಶುಲ್ಕ ಬೇರೆ. ನನಗಂತೂ ಇದು ನ್ಯಾಯ ಅನಿಸಲ್ಲ.

ಮೊದಲಿನವರು: ಖರ್ಚೇ ಮಾಡದೆ ಎಫ್‌ಡಿ ಇಟ್ಟುಬಿಟ್ಟರೆ?

ಉತ್ತರ: ಇಡಿ, ಮಗಳಿಗೆ ಆಗುತ್ತದೆ. ಆದರೆ ಬ್ಯಾಂಕಿನವರು ಅದನ್ನು ಬೀರುವಿನಲ್ಲಿ ಇಟ್ಟುಕೊಂಡು ಕೂರಲ್ಲ. ಇನ್ಯಾರಿಗೋ ಮನೆ ಸಾಲ ಕೊಡುತ್ತಾರೆ, ಅವರು ಸಿಮೆಂಟ್ ತರುತ್ತಾರೆ. ಸಿಮೆಂಟಿಗೆ ಸುಣ್ಣದಕಲ್ಲು ಸುಟ್ಟಾಗ ಇಂಧನದ ಹೊಗೆ ಬಿಟ್ಟು ಆ ಕಲ್ಲಿನಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಕಮ್ಮಿ ಮಾಡಬೇಕು ಅಂತಲೇ ಇದ್ದರೆ ಆ ದುಡ್ಡಲ್ಲಿ ಹಳೇ ಫ್ರಿಜ್ ಕೊಟ್ಟು ಫೈವ್ ಸ್ಟಾರ್‌ನದು ತಗೊಳ್ಳಿ, ಇಲ್ಲಾ ಮಾಳಿಗೆ ಮೇಲೆ ಸೋಲಾರ್ ಹಾಕಿಸಿ. ಬಿಲ್ ಸೊನ್ನೆ ಇರುವವರಿಗೆ ಇದರಿಂದ ಲಾಭ ಕಾಣಲ್ಲ ಅನ್ನೋದೇ ತೊಂದರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸರ್ಕಾರವನ್ನೇ ಕೇಳಬೇಕು.