ಬಾಬ್ ಮಾರ್ಲಿಯನ್ನು ಟೀಕಿಸಬಾರದಾ?

ಶೆಟ್ರು: (ಫೋಟೋ) ಅಂತೂ ಸಿಕ್ಕಿತು ಮಾರಾಯ್ರೆ! ಬಾಬ್ ಮಾರ್ಲಿಯ 'ಲೆಜೆಂಡ್' ಎಲ್‌ಪಿ. 14 ಹಾಡು, ಒಂದೂ ಬೇಡ ಅನ್ನುವಂಥದ್ದಲ್ಲ. ಜಮೈಕಾದ ಈ ರೆಗ್ಗೆ ಸಂಗೀತ ಅಂದರೆ ಇಷ್ಟೇ. ಇದನ್ನು ಕೇಳಿದ ಮೇಲೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಗಿರಿ: ಖುಷಿ ಆಯಿತು ಶೆಟ್ರೆ, ಆದರೆ ಆ ಕೊನೆಯ ಮಾತು ಒಪ್ಪಲು ಆಗುವುದಿಲ್ಲ. ಇದು ಬಾಬ್ ಮಾಡಿದ ಆಲ್ಬಮ್ಮೇ ಅಲ್ಲ. ಅವನು ತೀರಿಕೊಂಡಿದ್ದು 1981ರ ಮೇ 11ಕ್ಕೆ, ಇದು ಬಂದಿದ್ದು 1984ರಲ್ಲಿ. ಐಲ್ಯಾಂಡ್ ಕಂಪನಿಯವರು ಕೂತು ಆರಿಸಿದ ಸಂಕಲನ. ರೆಗ್ಗೆ ಅಂದರೆ ಹೆದರುವ ಬಿಳಿಯರೂ ಕೊಳ್ಳಬೇಕು ಅಂತ ಲೆಕ್ಕ ಹಾಕಿಯೇ ಹಾಡು ಆರಿಸಿದರು. 1979ರ 'ಸರ್ವೈವಲ್' ಇದೆಯಲ್ಲ, ಪೂರ್ತಿ ಆಫ್ರಿಕಾದ ಬಿಡುಗಡೆ ಬಗ್ಗೆಯೇ ಮಾಡಿದ ಆಲ್ಬಮ್, ಅದರಿಂದ ಒಂದು ಹಾಡೂ ಇದರಲ್ಲಿಲ್ಲ. 'ವಾರ್' ಕೂಡ ಇಲ್ಲ. 1963ರಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನೇ ಹಾಡು ಮಾಡಿದ್ದು ಅದು.

ಶೆಟ್ರು: 'ಗೆಟ್ ಅಪ್ ಸ್ಟ್ಯಾಂಡ್ ಅಪ್' ಇದೆಯಲ್ಲ ಮಾರಾಯ! ಅದಕ್ಕಿಂತ ರಾಜಕೀಯ ಹಾಡು ಬೇಕಾ ನಿನಗೆ?

ಗಿರಿ: ಇದೆ. ಅದನ್ನು ಬಾಬ್ ಒಬ್ಬನೇ ಬರೆದಿದ್ದಲ್ಲ, ತನ್ನ ಗುಂಪಿನ ಪೀಟರ್ ಟಾಶ್ ಜೊತೆ ಸೇರಿ ಬರೆದಿದ್ದು. ಕೊನೆಯ ಚರಣ ಬಂದಾಗ ದನಿ ಬದಲಾಗುತ್ತದೆ, ಗಮನಿಸಿದ್ದೀಯಾ? ಇನ್ನೂ ದಪ್ಪ, ಇನ್ನೂ ಸಿಟ್ಟಿನ ದನಿ. ಅದು ಟಾಶ್. ನಿನ್ನ ಕೈಯಲ್ಲಿರುವ ಎಲ್‌ಪಿಯಲ್ಲೇ ಅವನು ಹಾಡುತ್ತಿದ್ದಾನೆ, ನೀನು ಬೇರೆ ಯಾರನ್ನೂ ಕೇಳಬೇಕಾಗಿಲ್ಲ ಅಂತೀಯ.

ಮೇಷ್ಟ್ರು: ಗಿರಿ, ಕಂಪನಿ ಮಾಡಿದ್ದಕ್ಕೆ ಬಾಬ್‌ನನ್ನು ಯಾಕೆ ಬೈಯುತ್ತೀಯ? ಸತ್ತವನು ಹಾಡು ಆರಿಸುತ್ತಾನಾ?

ಗಿರಿ: ಅದಕ್ಕೆ ಬೈಯುತ್ತಿಲ್ಲ ಮೇಷ್ಟ್ರೆ. ಅದು ಕಂಪನಿಯ ತಪ್ಪು, ಅವರ ಲೆಕ್ಕಕ್ಕೇ ಬರೆಯೋಣ. ಬಾಬ್‌ನ ಲೆಕ್ಕ ಬೇರೆ ಇದೆ. 1972ಕ್ಕೆ ಬಾ. 'ಕ್ಯಾಚ್ ಎ ಫೈರ್' ಆಲ್ಬಮ್ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ರೆಕಾರ್ಡ್ ಆಯಿತು. ಟೇಪು ಲಂಡನ್‌ಗೆ ಹೋಯಿತು. ಅಲ್ಲಿ ಐಲ್ಯಾಂಡ್ ಕಂಪನಿಯ ಯಜಮಾನ ಕ್ರಿಸ್ ಬ್ಲ್ಯಾಕ್‌ವೆಲ್ ಅಲಬಾಮಾದ ಗಿಟಾರ್ ವಾದಕ ವೇನ್ ಪರ್ಕಿನ್ಸ್‌ನನ್ನು ಕರೆಸಿ ರಾಕ್ ಗಿಟಾರ್ ಸೇರಿಸಿದ, ಜಾನ್ ಬಂಡ್ರಿಕ್ ಕೈಯಲ್ಲಿ ಕೀಬೋರ್ಡ್ ಹಾಕಿಸಿದ. 'ಕಾಂಕ್ರೀಟ್ ಜಂಗಲ್'ನಲ್ಲಿ ಆ ಸೋಲೋ ಬರುತ್ತದಲ್ಲ, ಅದು ಬಾಬ್ ಬೆಳೆದ ಬಡವರ ಕೇರಿ ಟ್ರೆಂಚ್‌ಟೌನ್‌ನದ್ದಲ್ಲ. ಬಾಸ್ ಗಿಟಾರಿನ ಸದ್ದು ತಗ್ಗಿಸಿದರು. ಎರಡು ಹಾಡು ಬಿಟ್ಟರು. ಇದೆಲ್ಲ ಬಾಬ್‌ಗೆ ಗೊತ್ತಿಲ್ಲದೆ ಆಗಿದ್ದಲ್ಲ, ಅವನು ಅಲ್ಲೇ ಇದ್ದ, ಒಪ್ಪಿದ. 2001ರಲ್ಲಿ ಆ ಹಳೆಯ ಜಮೈಕಾ ಮಿಕ್ಸ್ ಕೂಡ ಹೊರಗೆ ಬಂತು. ಎರಡನ್ನೂ ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿ. ಮೊದಲಿನದು ಒರಟು, ಖಾಲಿ ಖಾಲಿ, ಬಾಸ್ ನೇರ ಎದೆಗೆ ಬಂದು ಬೀಳುತ್ತದೆ. ನನಗೆ ಅದೇ ಇಷ್ಟ.

ಶೆಟ್ರು: ಹಾಗೆ ಮಾಡದಿದ್ದರೆ ಜಗತ್ತು ಕೇಳುತ್ತಿತ್ತಾ? ಬಾಬ್ ಇಲ್ಲದಿದ್ದರೆ ಉಡುಪಿಯಲ್ಲಿ ಕೂತ ನಾನು ರೆಗ್ಗೆ ಅನ್ನುವ ಹೆಸರೇ ಕೇಳುತ್ತಿರಲಿಲ್ಲ.

ಗಿರಿ: ನಿನ್ನ ವಿಷಯದಲ್ಲಿ ಅದು ನಿಜ ಇರಬಹುದು, ಚರಿತ್ರೆಯಲ್ಲಿ ಅಲ್ಲ. ಡೆಸ್ಮಂಡ್ ಡೆಕ್ಕರ್‌ನ 'ಇಸ್ರೇಲೈಟ್ಸ್' 1969ರಲ್ಲೇ ಬ್ರಿಟನ್ನಿನಲ್ಲಿ ನಂಬರ್ ಒಂದು ಆಗಿತ್ತು. 1972ರಲ್ಲಿ ಜಿಮ್ಮಿ ಕ್ಲಿಫ್ ಸಿನಿಮಾ ಬಂತು. ಬಾಗಿಲು ಆಗಲೇ ತೆರೆದಿತ್ತು. ಬಾಬ್ ಅದನ್ನು ದೊಡ್ಡದು ಮಾಡಿದ, ಅದು ಸಣ್ಣ ಕೆಲಸ ಅಲ್ಲ, ಆದರೆ ಅವನೊಬ್ಬನೇ ಗೋಡೆ ಒಡೆದ ಅನ್ನುವುದು ಸುಳ್ಳು. ಮತ್ತೆ ಅದರ ಬೆಲೆ ಕೊಟ್ಟವರು ಯಾರು? 1963ರಿಂದ ಟಾಶ್, ಬನ್ನಿ ವೇಲರ್, ಬಾಬ್ ಸೇರಿ ಕಟ್ಟಿದ ಗುಂಪು 'ವೇಲರ್ಸ್'. ಗಾಯಕ ಜೋ ಹಿಗ್ಸ್ ಟ್ರೆಂಚ್‌ಟೌನ್‌ನ ಅಂಗಳದಲ್ಲಿ ದನಿ ಕೂಡಿಸುವುದನ್ನು ಹೇಳಿಕೊಟ್ಟಿದ್ದು ಎಲ್ಲರಿಗೂ. 1973ರ ಅಮೆರಿಕಾ ಪ್ರವಾಸಕ್ಕೆ ಬನ್ನಿ ಬರುವುದಿಲ್ಲ ಅಂದ, ಅವನ ಜಾಗಕ್ಕೆ ಹೋದದ್ದು ಆ ಗುರು ಜೋ ಹಿಗ್ಸೇ. ಆಮೇಲೆ ಟಾಶ್ ಕೂಡ ಬಿಟ್ಟ. 1974ರ 'ನ್ಯಾಟಿ ಡ್ರೆಡ್' ಹೊತ್ತಿಗೆ ಕವರಿನ ಮೇಲೆ 'ಬಾಬ್ ಮಾರ್ಲಿ ಅಂಡ್ ದ ವೇಲರ್ಸ್'. ಹತ್ತು ವರ್ಷ ಮೂವರದ್ದಾಗಿದ್ದ ಹೆಸರು ಒಬ್ಬನ ಹಿಂದೆ ನಿಂತಿತು.

ಸುಮಾ: ಹಿಂದೆ ನಿಂತವರ ಮಾತು ಬಂತಲ್ಲ, ನಾನೂ ಹೇಳುತ್ತೇನೆ. ಬಾಬ್ ಹೆಂಡತಿ ರೀಟಾ, ಜೂಡಿ ಮೊವಾಟ್, ಮಾರ್ಸಿಯಾ ಗ್ರಿಫಿತ್ಸ್ ಅಂದರೆ ಕೋರಸ್ ಹಾಡುವ ಹೆಂಗಸರು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಮಾರ್ಸಿಯಾ 1970ರಲ್ಲೇ ಬಾಬ್ ಆಂಡಿ ಜೊತೆ ಹಾಡಿ ಬ್ರಿಟನ್ನಿನಲ್ಲಿ ಹಿಟ್ ಕೊಟ್ಟಿದ್ದರು, ಮಾರ್ಲಿಗಿಂತ ಮೊದಲು! ಇನ್ನು ರೀಟಾ. 1976ರ ಡಿಸೆಂಬರ್ 3ಕ್ಕೆ ಹೋಪ್ ರೋಡಿನ ಬಾಬ್ ಮನೆಗೆ ಬಂದೂಕು ಹಿಡಿದು ನುಗ್ಗಿದರಲ್ಲ, ಅವತ್ತು ರೀಟಾ ತಲೆಗೂ ಗುಂಡು ತಗುಲಿತು. ಎರಡೇ ದಿನಕ್ಕೆ ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ವೇದಿಕೆ ಮೇಲೆ ಹಾಡಿದರು. ಅದೇ ವೇದಿಕೆಯಲ್ಲಿ ಬಾಬ್ ತನ್ನ ಗುಂಡಿನ ಗಾಯ ತೋರಿಸಿದ ಕತೆ ಎಲ್ಲರಿಗೂ ಗೊತ್ತು, ಇದು ಎಷ್ಟು ಜನಕ್ಕೆ ಗೊತ್ತು? ಆ ಗಂಡನಿಗೆ ಬೇರೆ ಹೆಂಗಸರಲ್ಲಿ ಮಕ್ಕಳಾದವು, ಅದರಲ್ಲಿ ಕೆಲವರನ್ನು ಸಾಕಿದ್ದೂ ರೀಟಾ. ನೋವನ್ನೂ ಅವರೇ ಬರೆದುಕೊಂಡಿದ್ದಾರೆ. ಇದನ್ನು ಹೇಳಿದರೆ ಅದು ವೈಯಕ್ತಿಕ ವಿಷಯ ಅಂತ ಬಾಯಿ ಮುಚ್ಚಿಸುತ್ತೀರಿ. ಪ್ರೀತಿ, ಒಂದೇ ಜೀವ ಅಂತ ಹಾಡಿದವನ ಮನೆಯಲ್ಲಿ ಏನಾಗುತ್ತಿತ್ತು ಅಂತ ಕೇಳಬಾರದಾ?

ಶೆಟ್ರು: ಕೇಳು ಸುಮಾ, ಬೇಡ ಅನ್ನುವುದಿಲ್ಲ. ಆದರೆ ಎಲ್ಲ ಸೇರಿ ಅವನು ಕೆಟ್ಟವನು ಅಂತ ತೀರ್ಪು ಕೊಡುತ್ತಿದ್ದೀರಿ. ಕಾಲ್ಬೆರಳಿನಿಂದ ಶುರುವಾದ ಕ್ಯಾನ್ಸರ್, 36 ವರ್ಷಕ್ಕೇ ಹೋದ. ತಿದ್ದಿಕೊಳ್ಳುವುದಕ್ಕೂ ಸಮಯ ಸಿಗಲಿಲ್ಲ ಅವನಿಗೆ.

ಮೇಷ್ಟ್ರು: ಮಾಡಿದ್ದನ್ನೂ ನೋಡಿ. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರ ಆದಾಗ ಸೌಂಡ್ ಸಾಮಾನನ್ನೆಲ್ಲ ಸ್ವಂತ ಖರ್ಚಿನಲ್ಲಿ ವಿಮಾನದಲ್ಲಿ ತರಿಸಿ ಹಾಡಿದ. ಹೊರಗೆ ನಿಂತ ಜನ ಒಳಗೆ ನುಗ್ಗಿದಾಗ ಪೊಲೀಸರು ಅಶ್ರುವಾಯು ಬಿಟ್ಟರು, ಹೊಗೆ ವೇದಿಕೆಗೂ ಬಂತು. 'ನೋ ವುಮನ್ ನೋ ಕ್ರೈ' ಬರೆದವರು ಅಂತ ವಿನ್ಸೆಂಟ್ ಫೋರ್ಡ್ ಹೆಸರು ಹಾಕಿಸಿದ. ಟ್ರೆಂಚ್‌ಟೌನ್‌ನಲ್ಲಿ ಹಸಿದವರಿಗೆ ಊಟ ಹಾಕುತ್ತಿದ್ದ ಸ್ನೇಹಿತ. ಆ ಹಾಡಿನ ದುಡ್ಡು ಅಲ್ಲಿಗೆ ಹೋಗಲಿ ಅಂತ. ಅವನ ಹಾಡುಗಳ ಹಳೆಯ ಪ್ರಕಾಶಕರು ಇದು ಮೋಸ ಅಂತ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ.

ಗಿರಿ: ಅದೆಲ್ಲ ನಿಜ ಮೇಷ್ಟ್ರೆ, ಒಂದಕ್ಷರ ತೆಗೆಯುವುದಿಲ್ಲ. ನನಗೆ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಅಂತ ನಿಮಗೆ ಗೊತ್ತು. ಆದರೆ ಅಷ್ಟು ಯೋಚನೆ ಮಾಡಿ ಒಬ್ಬ ಸ್ನೇಹಿತನ ಹೆಸರು ಹಾಕಿಸಿದವನು ಉಯಿಲು ಬರೆಯದೆ ಹೋದ. ಸಾವಿನ ಬಗ್ಗೆ ಅವನ ಧರ್ಮದವರಾದ ರಾಸ್ತಾಫಾರಿಗಳ ನಂಬಿಕೆ ಬೇರೆ, ಗೊತ್ತು. ಆದರೆ ಆಮೇಲೆ ವರ್ಷಗಟ್ಟಲೆ ಕೋರ್ಟು ಸುತ್ತಿದವರು ಉಳಿದವರು. ಆಸ್ಟನ್ ಬ್ಯಾರೆಟ್ ಬಾಸ್ ತೆಗೆದರೆ ಬಾಬ್ ಹಾಡಿನಲ್ಲಿ ಅರ್ಧ ಹೋಗುತ್ತದೆ. ಆ ಬ್ಯಾರೆಟ್ ತನ್ನ ಪಾಲು ಕೇಳಿ 2006ರಲ್ಲಿ ಲಂಡನ್ ಕೋರ್ಟಿನಲ್ಲಿ ಸೋತರು. 1994ರಲ್ಲೇ ರಾಜಿಗೆ ಸಹಿ ಹಾಕಿದ್ದೀರಿ ಅಂದರು. ಅವರು, ಡ್ರಮ್ ಬಾರಿಸುತ್ತಿದ್ದ ಅವರ ತಮ್ಮ, ಇಬ್ಬರ ತಾಳದ ಮೇಲೆ ಎಷ್ಟು ದುಡ್ಡು ಹುಟ್ಟಿದೆ ಯೋಚನೆ ಮಾಡು. ಅದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಮೇಷ್ಟ್ರು: 1978ರಲ್ಲಿ ಜಮೈಕಾದಲ್ಲಿ ಶಾಂತಿಗಾಗಿ ನಡೆದ ಸಂಗೀತ ಕಛೇರಿ? ಬದ್ಧ ವೈರಿಗಳಾಗಿದ್ದ ಪ್ರಧಾನಿ ಮ್ಯಾನ್ಲಿ, ವಿರೋಧ ಪಕ್ಷದ ನಾಯಕ ಸಿಯಾಗಾ ಇಬ್ಬರ ಕೈ ಹಿಡಿದು ಮೇಲೆತ್ತಿದ. ಆ ಧೈರ್ಯ ಯಾರಿಗಿತ್ತು?

ಗಿರಿ: ಆ ಧೈರ್ಯ ಇತ್ತು. ಅದೇ ವೇದಿಕೆ ಮೇಲೆ, ಅದೇ ರಾತ್ರಿ, ಏಪ್ರಿಲ್ 22ಕ್ಕೆ, ಬಾಬ್‌ಗಿಂತ ಮೊದಲು ಟಾಶ್ ಹಾಡಿದ. ಎದುರಿಗೇ ಕೂತಿದ್ದ ಆ ನಾಯಕರನ್ನು ಮುಖಕ್ಕೆ ಹೊಡೆದ ಹಾಗೆ ಬೈದ. ಕೆಲವೇ ತಿಂಗಳಿಗೆ ಪೊಲೀಸರು ಅವನನ್ನು ಸಾಯುವ ಹಾಗೆ ಬಡಿದರು. ಕೈ ಕೂಡಿಸಿದ ಫೋಟೋ ಉಳಿಯಿತು. ಶಾಂತಿ ಉಳಿಯಲಿಲ್ಲ. ಆ ಕಛೇರಿಗೆ ಕಾರಣರಾದ ಎರಡು ಕಡೆಯ ಗ್ಯಾಂಗ್ ಮುಖಂಡರು, ಮಾಸಪ್ ಮತ್ತು ಮಾರ್ಷಲ್, ಎರಡು ವರ್ಷದೊಳಗೆ ಇಬ್ಬರೂ ಗುಂಡಿಗೆ ಬಲಿಯಾದರು. 1980ರ ಚುನಾವಣೆಯ ವರ್ಷ ನೂರಾರು ಜನ ಸತ್ತರು. ಬಾಬ್ ಇದಕ್ಕೆ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಆ ರಾತ್ರಿ ನಿಜ ಹೇಳಿದವನು ಟಾಶ್ ಅಂತ ಮಾತ್ರ ಹೇಳುತ್ತೇನೆ. ಬಾಬ್‌ನನ್ನು ಟೀಕಿಸಬಾರದು ಅಂದರೆ ಟಾಶ್ ಆಡಿದ ಮಾತಿಗೆ ಜಾಗವೇ ಇಲ್ಲವಾಗುತ್ತದೆ. ಬಾಬ್‌ನನ್ನು ಮೊದಲು ಟೀಕಿಸಿದವರೇ ಅವನ ಜೊತೆ ಹಾಡಿದವರು, ನಾವಲ್ಲ.

ಸುಮಾ: ಇಲ್ಲಿ ಟೊರಾಂಟೊದ ಎಗ್ಲಿಂಟನ್ ವೆಸ್ಟ್‌ನಲ್ಲಿ ಜಮೈಕಾದವರ ಅಂಗಡಿಗಳು ಜಾಸ್ತಿ. ಗೋಡೆ ಮೇಲೆ ಬಾಬ್ ಚಿತ್ರ ಇರುತ್ತದೆ, ಸ್ಪೀಕರ್‌ನಲ್ಲಿ ಡೆನಿಸ್ ಬ್ರೌನ್ ಹಾಡುತ್ತಿರುತ್ತಾನೆ. ಗೋಕರ್ಣದ ಬೀಚಿನಲ್ಲಿ ಬಾಬ್ ಟೀ ಶರ್ಟು ಮಾತ್ರ ಸಿಗುತ್ತದೆ. ಶೆಟ್ರೆ, ಜೂಡಿ ಮೊವಾಟ್ ಅವರ 'ಬ್ಲ್ಯಾಕ್ ವುಮನ್' ಕೇಳು. 1979ರದ್ದು. ಗುಲಾಮಗಿರಿಯ ಕಾಲದಿಂದ ಹೆಂಗಸರು ಹೊತ್ತ ಭಾರವನ್ನು ಹೆಂಗಸೇ ಹಾಡಿದ್ದಾರೆ.

ಗಿರಿ: ಅದರ ಜೊತೆಗೆ ಬರ್ನಿಂಗ್ ಸ್ಪಿಯರ್‌ನ 'ಮಾರ್ಕಸ್ ಗಾರ್ವಿ', ಕಲ್ಚರ್ ಗುಂಪಿನ 'ಟೂ ಸೆವೆನ್ಸ್ ಕ್ಲ್ಯಾಶ್', ಬನ್ನಿಯ 'ಬ್ಲ್ಯಾಕ್‌ಹಾರ್ಟ್ ಮ್ಯಾನ್'. ಬನ್ನಿಯದನ್ನು ರಾತ್ರಿ ಕೇಳು.

ಶೆಟ್ರು: ಬನ್ನಿಯದು ಅರ್ಧ ಕೇಳಿದೆ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಗಿರಿ, ಅದು 1976ರದ್ದು, ಗುಂಪು ಒಡೆದ ಮೇಲಿನದು. ಅದರಲ್ಲಿ ಬಾಬ್, ಟಾಶ್ ಇಬ್ಬರೂ ಇದ್ದಾರೆ ಅಂತ ಬರೆದಿದೆ! ಬ್ಯಾರೆಟ್ ಸೋದರರೂ ಇದ್ದಾರೆ. ಅವರವರು ಸೇರಿ ಹಾಡುತ್ತಿದ್ದರು, ಜಗಳ ಆಡುತ್ತಿರುವುದು ನೀವು.

ಗಿರಿ: ಅಲ್ವಾ? ಬಾಬ್ ಅವರನ್ನು ಹೊರಗೆ ದೂಡಿದ ಅಂತ ನಾನು ಯಾವತ್ತೂ ಹೇಳಲಿಲ್ಲ. ಅವನು ಬನ್ನಿಗಾಗಿ ಬಂದ, ಅದು ಅವನ ದೊಡ್ಡತನ. ಕವರಿನ ಮೇಲೆ ತನ್ನ ಹೆಸರು ಮುಂದೆ ಬಂದಾಗ ಬೇಡ ಅನ್ನಲಿಲ್ಲ, ಅದನ್ನೂ ಹೇಳುತ್ತೇನೆ. ಉಳಿದ ಅರ್ಧವನ್ನೂ ಕೇಳು.

ಶೆಟ್ರು: ಕೇಳುತ್ತೇನೆ. 'ಲೆಜೆಂಡ್' ಮಾತ್ರ ಯಾರಿಗೂ ಕೊಡುವುದಿಲ್ಲ.

ಗಿರಿ: ಕೊಡಬೇಡ. ಇಟ್ಟುಕೋ. ಟಾಶ್ ಚರಣ ಬಂದಾಗ ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡು.